ಮ್ಯಾಕಿಯವೆಲ್ಲಿ ಮತ್ತು ಹನ್ನೆರಡನೇ ಲೂಯಿ, ಒಬ್ಬ ರಾಯಭಾರಿ ಹಾಗೂ ಒಬ್ಬ ಅರಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಕಿಯವೆಲ್ಲಿಯೊಡನೆ ಹೋಲಿಸಲು ಫ್ರಾನ್ಸಿನ ಹನ್ನೆರಡನೇ ಲೂಯಿಯನ್ನೇ ಏಕೆ ಆರಿಸಿಕೊಳ್ಳಬೇಕು?

'ದಿ ಪ್ರಿನ್ಸ್' ಎಂಬ ರಾಜನೀತಿಯ ಪುಸ್ತಕ ಬರೆದ ಫ್ಲಾರೆನ್ಸಿನ ಮ್ಯಾಕಿಯವೆಲ್ಲಿಯ ಮಾತು ಬಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವವನು ಪೋಪನ ಮಗ ಚೆಸಾರೆ ಬೋರ್ಜಿಯ. ಆದರೆ ಬೋರ್ಜಿಯನ ಏಳುಬೀಳು ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ಫ್ರಾನ್ಸಿನ ದೊರೆಯೊಂದಿಗಿನ ವ್ಯವಹಾರವಾದರೋ ಮ್ಯಾಕಿಯವೆಲ್ಲಿಯ ಸರ್ಕಾರಿ ಸೇವೆಯ ಉದ್ದಕ್ಕೂ ನಡೆಯಿತು. 1500, 1504, 1510 ಮತ್ತು 1511ರಲ್ಲಿ, ಒಟ್ಟು ನಾಲ್ಕು ಬಾರಿ, ಅವನು ಫ್ಲಾರೆನ್ಸ್ ಗಣರಾಜ್ಯದ ಪರವಾಗಿ ಆಲ್ಪ್ಸ್ ದಾಟಿ ಲೂಯಿಯ ಆಸ್ಥಾನಕ್ಕೆ ಹೋಗಿದ್ದನು. ಅಲ್ಲಿ ಕಂಡದ್ದನ್ನು ವಾರವಾರವೂ ಬರೆದು ಊರಿಗೆ ಕಳುಹಿಸಿದನು, ಕೊನೆಗೆ ತನ್ನ ಪುಸ್ತಕದಲ್ಲಿ ಆ ದೊರೆಯ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಇಟ್ಟನು.

ಇಬ್ಬರೂ ಅಧಿಕಾರಕ್ಕೆ ಬಂದದ್ದು 1498ರಲ್ಲಿ, ಇಬ್ಬರಿಗೂ ದಾರಿ ತೆರೆದದ್ದು ಮತ್ತೊಬ್ಬರ ಸಾವು. ಆ ಏಪ್ರಿಲ್‌ನಲ್ಲಿ ಫ್ರಾನ್ಸಿನ ದೊರೆ ಎಂಟನೇ ಚಾರ್ಲ್ಸ್ ಆಂಬ್ವಾಸ್ ಕೋಟೆಯ ತಗ್ಗಾದ ಬಾಗಿಲಿನ ಮೇಲ್ಕಟ್ಟಿಗೆ ತಲೆ ಬಡಿದುಕೊಂಡು ಕೆಲವೇ ಗಂಟೆಗಳಲ್ಲಿ ತೀರಿಕೊಂಡನು. ಬದುಕಿದ್ದ ಮಕ್ಕಳಿಲ್ಲದ ಕಾರಣ ಪಟ್ಟವು ದಾಯಾದಿಯಾದ ಲೂಯಿಗೆ ದಕ್ಕಿತು. ಮೇ ತಿಂಗಳಲ್ಲಿ ಫ್ಲಾರೆನ್ಸಿನಲ್ಲಿ, ಆ ನಗರದ ರಾಜಕೀಯವನ್ನೇ ಹಿಡಿತದಲ್ಲಿಟ್ಟಿದ್ದ ಸಂನ್ಯಾಸಿ ಸವೊನರೋಲನನ್ನು ನೇಣಿಗೆ ಹಾಕಿ ಸುಟ್ಟರು. ಅವನ ಪಕ್ಷದವರು ಕಚೇರಿಗಳಿಂದ ಹೊರಬಿದ್ದಾಗ, ಜೂನ್‌ನಲ್ಲಿ ಇಪ್ಪತ್ತೊಂಬತ್ತು ವರ್ಷದ ನಿಕೊಲೊ ಮ್ಯಾಕಿಯವೆಲ್ಲಿ ಎರಡನೇ ಚಾನ್ಸಲರಿಯ, ಅಂದರೆ ಗಣರಾಜ್ಯದ ಪತ್ರವ್ಯವಹಾರದ ಕಚೇರಿಯ, ಮುಖ್ಯಸ್ಥನಾದನು.

ಲೂಯಿ ಎಂಥ ಅರಸ?

ಅವನು 1462ರಲ್ಲಿ ಬ್ಲ್ವಾ ಕೋಟೆಯಲ್ಲಿ ಹುಟ್ಟಿದನು. ತಂದೆ ಆರ್ಲಿಯನ್ಸಿನ ಡ್ಯೂಕ್ ಚಾರ್ಲ್ಸ್, ಹೆಸರಾಂತ ಕವಿ. ಅಜ್ಜಿ ವಾಲೆಂತೀನಾ ವಿಸ್ಕಾಂತಿ ಮಿಲಾನಿನ ರಾಜಮನೆತನದವಳು. ಲೂಯಿ ಮಿಲಾನ್ ತನ್ನದೆಂದು ಹಟ ಹಿಡಿದದ್ದು ಈ ಅಜ್ಜಿಯ ಕಡೆಯ ಹಕ್ಕಿನಿಂದ. ಯೌವನದಲ್ಲಿ ಅವನು ರಾಜಸತ್ತೆಯ ವಿರುದ್ಧ ದಂಗೆಗೆ ಸೇರಿ, 1488ರ ಕಾಳಗದಲ್ಲಿ ಸೆರೆಸಿಕ್ಕು ಮೂರು ವರ್ಷ ಬಂದಿಯಾಗಿದ್ದನು. ಪಟ್ಟವೇರಿದ ಮೇಲೆ ಹಳೆಯ ವೈರಿಗಳ ಮೇಲೆ ಹಗೆ ತೀರಿಸಿಕೊಳ್ಳಲಿಲ್ಲ. ಆರ್ಲಿಯನ್ಸಿನ ಡ್ಯೂಕನಿಗೆ ಆದ ಅಪಮಾನಕ್ಕೆ ಫ್ರಾನ್ಸಿನ ದೊರೆ ಸೇಡು ತೀರಿಸಿಕೊಳ್ಳುವುದಿಲ್ಲ ಎಂದು ಅವನು ಹೇಳಿದನೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಅವನ ಲಾಂಛನ ಮುಳ್ಳುಹಂದಿ.

ಮ್ಯಾಕಿಯವೆಲ್ಲಿ ನಿಜಕ್ಕೂ ರಾಯಭಾರಿಯೇ?

ಪದವಿಯ ಲೆಕ್ಕದಲ್ಲಿ ಅಲ್ಲ. ಫ್ಲಾರೆನ್ಸಿನಲ್ಲಿ ಪೂರ್ಣಾಧಿಕಾರದ ರಾಯಭಾರಿಯಾಗಿ ಹೋಗುತ್ತಿದ್ದವರು ಸಿರಿವಂತ ಮನೆತನಗಳ ಹಿರಿಯರು. ಮ್ಯಾಕಿಯವೆಲ್ಲಿ ವಕೀಲರೊಬ್ಬರ ಮಗ, ಮನೆಯಲ್ಲಿ ಪುಸ್ತಕಗಳಿದ್ದವು, ಹಣವಿರಲಿಲ್ಲ. ಅವನನ್ನು ಕಳುಹಿಸುತ್ತಿದ್ದುದು ಕಾರ್ಯದರ್ಶಿಯಾಗಿ, ದೂತನಾಗಿ. ವಿಷಯ ತಿಳಿಸುವುದು, ಕಾಲ ತಳ್ಳುವುದು, ಕಂಡದ್ದನ್ನು ವರದಿ ಮಾಡುವುದು ಅವನ ಕೆಲಸವಾಗಿತ್ತು. ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಅವನ ಕೈಯಲ್ಲಿರಲಿಲ್ಲ. ಆದರೂ ಹದಿನಾಲ್ಕು ವರ್ಷಗಳಲ್ಲಿ ಅವನು ಫ್ರಾನ್ಸಿನ ದೊರೆಯನ್ನು, ಪೋಪ್ ಎರಡನೇ ಜೂಲಿಯಸ್‌ನನ್ನು, ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನನ್ನು, ಬೋರ್ಜಿಯನನ್ನು ಕಣ್ಣಾರೆ ಕಂಡು ಮಾತನಾಡಿಸಿದ್ದನು. ಈ ಅರ್ಥದಲ್ಲಿ ಅವನು ರಾಯಭಾರಿಯೇ ಹೌದು. ಅಧಿಕಾರ ಕಡಿಮೆಯಿದ್ದುದರಿಂದಲೇ ಅವನ ಕಣ್ಣು ಅಷ್ಟು ಚುರುಕಾಯಿತು ಎಂಬುದು ನನ್ನ ನಂಬಿಕೆ. ಕೊಡಲು ಏನೂ ಇಲ್ಲದ ದೂತನು ಎದುರಿನವರ ಮುಖಭಾವವನ್ನು ಬಹಳ ಎಚ್ಚರದಿಂದ ಓದಬೇಕಾಗುತ್ತದೆ.

ಇಬ್ಬರ ಮೊದಲ ಭೇಟಿ ಹೇಗಾಯಿತು?

1494ರಲ್ಲಿ ಕೈತಪ್ಪಿದ್ದ ಪೀಸಾ ನಗರವನ್ನು ಮರಳಿ ಪಡೆಯುವುದು ಫ್ಲಾರೆನ್ಸಿನವರಿಗೆ ಗೀಳೇ ಆಗಿತ್ತು. ಲೂಯಿ 1499ರಲ್ಲಿ ಮಿಲಾನನ್ನು ಗೆದ್ದು, ಮರುವರ್ಷ ಮರಳಿ ಬಂದ ಮಿಲಾನಿನ ಡ್ಯೂಕ್ ಲೊದೊವಿಕೊ ಸ್ಫೋರ್ಜನನ್ನು ಸೆರೆಹಿಡಿದ ಮೇಲೆ, ಫ್ಲಾರೆನ್ಸ್ ಅವನಿಂದ ದಂಡನ್ನು ಸಂಬಳಕ್ಕೆ ಪಡೆದು ಪೀಸಾಕ್ಕೆ ಮುತ್ತಿಗೆ ಹಾಕಿಸಿತು. ಆ ಮುತ್ತಿಗೆ ನಗೆಪಾಟಲಾಯಿತು. ಗ್ಯಾಸ್ಕನಿಯ ಸೈನಿಕರು ಬಿಟ್ಟು ಓಡಿದರು, ಸ್ವಿಸ್ ಕೂಲಿ ಸೈನಿಕರು ಸಂಬಳಕ್ಕಾಗಿ ದಂಗೆಯೆದ್ದು ಫ್ಲಾರೆನ್ಸಿನ ಕಮಿಷನರ್ ಲೂಕಾ ದೆಲ್ಯಿ ಅಲ್ಬಿಟ್ಸಿಯನ್ನೇ ಹಿಡಿದಿಟ್ಟುಕೊಂಡರು. ಆ ಶಿಬಿರದಲ್ಲಿ ಮ್ಯಾಕಿಯವೆಲ್ಲಿಯೂ ಇದ್ದನು.

ತಪ್ಪು ತಮ್ಮದಲ್ಲ ಎಂದು ದೊರೆಗೆ ವಿವರಿಸಲು ಫ್ರಾಂಚೆಸ್ಕೊ ದೆಲ್ಲಾ ಕಾಸಾ ಮತ್ತು ಮ್ಯಾಕಿಯವೆಲ್ಲಿ 1500ರ ಜುಲೈನಲ್ಲಿ ಹೊರಟರು. ಲಿಯೋಂ ತಲುಪುವಷ್ಟರಲ್ಲಿ ದೊರೆ ಅಲ್ಲಿಂದ ಹೊರಟುಹೋಗಿದ್ದನು. ಆ ಕಾಲದ ಫ್ರೆಂಚ್ ಆಸ್ಥಾನ ಒಂದು ಊರಲ್ಲಿ ನೆಲೆಸುತ್ತಿರಲಿಲ್ಲ. ಬೇಟೆಯ ಕಾಡಿಗೋ, ಹೊಸ ಗಾಳಿಗೋ, ಸಾಂಕ್ರಾಮಿಕದ ಭಯಕ್ಕೋ ಊರಿಂದೂರಿಗೆ ಸಾಗುತ್ತಿತ್ತು, ಅದರ ಬೆನ್ನು ಹತ್ತಿ ದೂತರು ಕುದುರೆ ಓಡಿಸಬೇಕಿತ್ತು. ಆಗಸ್ಟ್ ಮೊದಲ ವಾರದಲ್ಲಿ ನೆವೆರ್ ಊರಿನಲ್ಲಿ ಇವರಿಗೆ ದರ್ಶನ ಸಿಕ್ಕಿತು. ಸೈನಿಕರ ಅಶಿಸ್ತನ್ನು ಇವರು ವಿವರಿಸಿದರೆ, ತಪ್ಪು ಎರಡೂ ಕಡೆ ಇದೆ ಎಂಬ ಉತ್ತರ ಬಂತು. ಅಲ್ಲಿಂದ ಮುಂದೆ ಮಾತೆಲ್ಲ ಹಣದ ಸುತ್ತಲೇ ತಿರುಗಿತು. ಸ್ವಿಸ್ ಸೈನಿಕರಿಗೆ ತಾನು ಕೈಯಿಂದ ಕೊಟ್ಟ ಸಂಬಳವನ್ನು ಫ್ಲಾರೆನ್ಸ್ ಮರಳಿಸಬೇಕೆಂಬುದು ಲೂಯಿಯ ಒಂದೇ ಪಟ್ಟು.

ಆಗಸ್ಟ್ 27ರಂದು ಊರಿಗೆ ಬರೆದ ಓಲೆಯಲ್ಲಿ ದೂತರು ಕಹಿಸತ್ಯವನ್ನು ಮುಚ್ಚಿಡಲಿಲ್ಲ. ಫ್ರೆಂಚರು ಬೆಲೆ ಕೊಡುವುದು ಆಯುಧ ಹಿಡಿದವರಿಗೆ, ಇಲ್ಲವೇ ಹಣ ಬಿಚ್ಚುವವರಿಗೆ; ನಿಮ್ಮಲ್ಲಿ ಎರಡೂ ಇಲ್ಲವೆಂದು ತಿಳಿದು ನಿಮ್ಮನ್ನು ಇಲ್ಲಿ 'ಶ್ರೀಮಾನ್ ಶೂನ್ಯ' ಎಂದು ಕರೆಯುತ್ತಾರೆ ಎಂಬುದು ಅದರ ಸಾರ. ತನ್ನ ಮೇಲಧಿಕಾರಿಗಳಿಗೆ ಇಷ್ಟು ಖಡಾಖಂಡಿತವಾಗಿ ಬರೆದ ದೂತರು ಆ ಕಾಲದಲ್ಲಿ ವಿರಳ.

ಆ ತಿಂಗಳುಗಳಲ್ಲಿ ಮ್ಯಾಕಿಯವೆಲ್ಲಿಯ ಸ್ವಂತ ಬದುಕೂ ಭಾರವಾಗಿತ್ತು. ತಂದೆ ಬೆರ್ನಾರ್ದೊ ಆ ಮೇ ತಿಂಗಳಲ್ಲಷ್ಟೇ ತೀರಿಕೊಂಡಿದ್ದರು, ಇವನು ಫ್ರಾನ್ಸಿನಲ್ಲಿರುವಾಗ ಅಕ್ಕ ಪ್ರಿಮವೇರಾ ತೀರಿಕೊಂಡಳು. ದೆಲ್ಲಾ ಕಾಸಾ ಕಾಯಿಲೆ ಬಿದ್ದು ಪ್ಯಾರಿಸಿಗೆ ಹೋದ ಮೇಲೆ ಇವನೊಬ್ಬನೇ ಆಸ್ಥಾನದ ಹಿಂದೆ ಅಲೆದನು. ಕುದುರೆ, ಆಳು, ಛತ್ರದ ಖರ್ಚಿಗೆ ಕೈಯಿಂದ ಹಾಕಿ ಹಾಕಿ ಬರಿದಾಗಿದ್ದೇನೆ ಎಂಬ ಅಳಲು ಅವನ ಓಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಫ್ಲಾರೆನ್ಸ್ ಹಣ ಕೊಡಲು ಒಪ್ಪಿದ ಮೇಲೆಯೇ ಅವನು 1501ರ ಜನವರಿಯಲ್ಲಿ ಮನೆ ಸೇರಿದನು.

ನಾಂತ್ ನಗರದ ಆ ಪ್ರಸಿದ್ಧ ಸಂಭಾಷಣೆ ಏನು?

ದೊರೆಯ ಬಲಗೈ ಎಂದರೆ ರುವಾಂ ನಗರದ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಜಾರ್ಜ್ ದಾಂಬ್ವಾಸ್. ಆ ಶರತ್ಕಾಲದಲ್ಲಿ ನಾಂತ್‌ನಲ್ಲಿ ಮಾತಿನ ನಡುವೆ ಕಾರ್ಡಿನಲ್, ಇಟಲಿಯವರಿಗೆ ಯುದ್ಧ ಮಾಡುವುದು ತಿಳಿಯದು ಎಂದನು. ಅದಕ್ಕೆ ಮ್ಯಾಕಿಯವೆಲ್ಲಿ, ಫ್ರೆಂಚರಿಗೆ ರಾಜ್ಯದ ವ್ಯವಹಾರ ತಿಳಿಯದು, ತಿಳಿದಿದ್ದರೆ ಚರ್ಚು ಇಷ್ಟು ದೊಡ್ಡದಾಗಲು ಬಿಡುತ್ತಿರಲಿಲ್ಲ ಎಂದು ಉತ್ತರಿಸಿದನು.

ಇದನ್ನು ನಮಗೆ ತಿಳಿಸಿರುವವನು ಸ್ವತಃ ಮ್ಯಾಕಿಯವೆಲ್ಲಿಯೇ, ಅದೂ ಸುಮಾರು ಹದಿಮೂರು ವರ್ಷಗಳ ನಂತರ. ಉತ್ತರದ ಮೊನಚು ನೆನಪಿನಲ್ಲಿ ಕೊಂಚ ಹೆಚ್ಚಿರಬಹುದು. ಆದರೆ ಅದರ ಹಿಂದಿನ ವಾದ ಆ ಹೊತ್ತಿನದೇ. ಆಗ ಚೆಸಾರೆ ಬೋರ್ಜಿಯ ತಂದೆಯಾದ ಪೋಪ್ ಆರನೇ ಅಲೆಕ್ಸಾಂಡರನ ಬೆಂಬಲದಿಂದಲೂ ಫ್ರೆಂಚ್ ಪಡೆಯ ನೆರವಿನಿಂದಲೂ ರೊಮಾನ್ಯಾ ಪ್ರಾಂತವನ್ನು ಒಂದೊಂದೇ ಊರಾಗಿ ನುಂಗುತ್ತಿದ್ದನು, ಫ್ಲಾರೆನ್ಸಿನ ಗಡಿ ಅದಕ್ಕೆ ತಾಗಿಕೊಂಡೇ ಇತ್ತು.

'ದಿ ಪ್ರಿನ್ಸ್' ಪುಸ್ತಕದಲ್ಲಿ ಲೂಯಿಯ ಮೇಲೆ ಹೊರಿಸಿದ ತಪ್ಪುಗಳು ಯಾವುವು?

ಮೂರನೇ ಅಧ್ಯಾಯದಲ್ಲಿ ಅವು ಸಾಲಾಗಿ ಬರುತ್ತವೆ. ಲೂಯಿ ಮಿಲಾನನ್ನು ಗೆದ್ದಾಗ ಜಿನೋವಾ, ಫ್ಲಾರೆನ್ಸ್, ಮಾಂತುವಾ, ಫೆರಾರಾ, ಬೊಲೊನ್ಯ, ಫೋರ್ಲಿ, ಲುಕ್ಕಾ, ಸಿಯೆನಾ ಮುಂತಾದ ಸಣ್ಣ ಪುಟ್ಟ ಶಕ್ತಿಗಳೆಲ್ಲ ಅವನ ಸ್ನೇಹ ಬೇಡಿ ಬಂದವು. ಒಬ್ಬರಿಗೆ ಚರ್ಚಿನ ಭಯ, ಇನ್ನೊಬ್ಬರಿಗೆ ವೆನಿಸಿನ ಭಯ, ಹಾಗಾಗಿ ಅವರೆಲ್ಲ ಅವನ ನೆರಳು ಬಿಟ್ಟು ಹೋಗುವಂತಿರಲಿಲ್ಲ. ಇವರನ್ನು ಕಾಪಾಡಿಕೊಂಡಿದ್ದರೆ ಸಾಕಿತ್ತು. ಅವನು ಮಾಡಿದ್ದು ತದ್ವಿರುದ್ಧ: ಸಣ್ಣವರನ್ನು ಅಳಿಸಿದನು, ಇಟಲಿಯಲ್ಲಿ ಮೊದಲೇ ಬಲವಾಗಿದ್ದ ಪೋಪನನ್ನು ಇನ್ನಷ್ಟು ಬಲಪಡಿಸಿದನು, ನೇಪಲ್ಸನ್ನು ಪಾಲು ಹಂಚಿಕೊಳ್ಳಲೆಂದು 1500ರ ಗ್ರಾನಾಡಾ ಒಪ್ಪಂದದ ಮೂಲಕ ಸ್ಪೇನಿನ ದೊರೆ ಅರಗಾನಿನ ಫರ್ಡಿನಾಂಡನಂಥ ಪ್ರಬಲನನ್ನು ಒಳಗೆ ಬಿಟ್ಟುಕೊಂಡನು, ಗೆದ್ದ ನಾಡಿನಲ್ಲಿ ತಾನೇ ಬಂದು ನೆಲೆಸಲಿಲ್ಲ, ತನ್ನವರ ನೆಲೆಗಳನ್ನೂ ಹೂಡಲಿಲ್ಲ. ಈ ಐದು ತಪ್ಪುಗಳಾದ ಮೇಲೂ ಅವನು ಉಳಿದುಕೊಳ್ಳಬಹುದಿತ್ತು, ಆದರೆ ಆರನೆಯದಾಗಿ ವೆನಿಸನ್ನು ಮುರಿದನು. 1509ರ ಮೇ 14ರಂದು ಅನ್ಯಾದೆಲ್ಲೊದಲ್ಲಿ ಲೂಯಿ ತಾನೇ ನಿಂತು ಗೆದ್ದ ಕಾಳಗ ಅದು. ಪೋಪನನ್ನೂ ಸ್ಪೇನನ್ನೂ ತಡೆದು ನಿಲ್ಲಿಸಬಹುದಾಗಿದ್ದ ಏಕೈಕ ಇಟಾಲಿಯನ್ ಶಕ್ತಿ ಹೀಗೆ ಅವನ ಕೈಯಿಂದಲೇ ಕುಸಿಯಿತು.

ಇದರಿಂದ ಮ್ಯಾಕಿಯವೆಲ್ಲಿ ಒಂದು ನಿಯಮವನ್ನೇ ಹೊರತೆಗೆಯುತ್ತಾನೆ: ಇನ್ನೊಬ್ಬನು ಬಲಿಷ್ಠನಾಗಲು ಕಾರಣನಾದವನು ತಾನು ಕೆಡುತ್ತಾನೆ.

ಈ ತೀರ್ಪು ನ್ಯಾಯವಾದದ್ದೇ?

ಪೋಪ್ ಮತ್ತು ಸ್ಪೇನಿನ ವಿಷಯದಲ್ಲಿ ಸಂಪೂರ್ಣ ನ್ಯಾಯವಾದದ್ದು. ಫರ್ಡಿನಾಂಡನ ಸೇನೆ 1503ರಲ್ಲಿ ಚೆರಿನ್ಯೋಲಾದಲ್ಲಿಯೂ ಗರಿಲ್ಯಾನೊ ನದಿಯ ದಡದಲ್ಲಿಯೂ ಫ್ರೆಂಚರನ್ನು ಸೋಲಿಸಿ ಇಡೀ ನೇಪಲ್ಸನ್ನು ಕಿತ್ತುಕೊಂಡಿತು. ವೆನಿಸಿನ ವಿರುದ್ಧ ಲೂಯಿಯ ಜೊತೆಗಿದ್ದ ಎರಡನೇ ಜೂಲಿಯಸ್, ಕೆಲಸ ಆದ ಕೂಡಲೇ 1510ರಲ್ಲಿ ವೆನಿಸಿನೊಡನೆ ಸಂಧಿ ಮಾಡಿಕೊಂಡು ಫ್ರೆಂಚರನ್ನು ಇಟಲಿಯಿಂದ ಓಡಿಸುವ ಪಣ ತೊಟ್ಟನು. ಆದರೆ ನೆಲಸುವಿಕೆ ಮತ್ತು ನೆಲೆಗಳ ಬಗೆಗಿನ ಆಕ್ಷೇಪ ಪ್ರಾಚೀನ ರೋಮಿನ ಪುಸ್ತಕಗಳಿಂದ ಎತ್ತಿಕೊಂಡದ್ದು. ಲೊಂಬಾರ್ಡಿಯಂಥ ಕಿಕ್ಕಿರಿದ, ಉಳುಮೆಯಾದ ನಾಡಿನಲ್ಲಿ ಯಾರ ಹೊಲವನ್ನು ಕಿತ್ತು ಯಾರಿಗೆ ಕೊಡಬೇಕಿತ್ತು? ಲೂಯಿ 1499, 1502, 1507 ಮತ್ತು 1509ರಲ್ಲಿ ಸ್ವತಃ ಆಲ್ಪ್ಸ್ ದಾಟಿ ಬಂದಿದ್ದನು. ಫ್ರಾನ್ಸಿನ ಪಟ್ಟವನ್ನು ಬಿಟ್ಟು ಮಿಲಾನಿನಲ್ಲಿ ಕೂರುವುದು ಯಾವ ದೊರೆಗೂ ಸಾಧ್ಯವಿರಲಿಲ್ಲ.

ಇನ್ನೂ ದೊಡ್ಡ ಮಾತೊಂದಿದೆ. ಮ್ಯಾಕಿಯವೆಲ್ಲಿ ತೂಗಿದ್ದು ಇಟಲಿಯಲ್ಲಿದ್ದ ಲೂಯಿಯನ್ನು. ಫ್ರಾನ್ಸಿನಲ್ಲಿದ್ದ ಲೂಯಿಯನ್ನು ಅಲ್ಲಿನ ಜನ ಬೇರೆಯೇ ತಕ್ಕಡಿಯಲ್ಲಿ ತೂಗಿದ್ದರು. 1506ರಲ್ಲಿ ತೂರ್ ನಗರದಲ್ಲಿ ಸೇರಿದ ಸಭೆ ಅವನಿಗೆ 'ಪ್ರಜೆಗಳ ತಂದೆ' ಎಂಬ ಬಿರುದನ್ನು ಕೊಟ್ಟಿತು. ಅದು ಬರಿಯ ಮುಖಸ್ತುತಿಯಲ್ಲ. ತೆರಿಗೆಯ ಹೊರೆ ಇಳಿಸಿದ್ದು, 1499ರ ಬ್ಲ್ವಾ ಶಾಸನದ ಮೂಲಕ ನ್ಯಾಯಾಲಯಗಳನ್ನು ತಿದ್ದಿದ್ದು, ಪ್ರಾಂತಗಳ ರೂಢಿಯ ಕಾನೂನುಗಳನ್ನು ಬರೆದಿಡುವ ಕೆಲಸಕ್ಕೆ ಬಲ ಕೊಟ್ಟದ್ದು ಜನರ ನೆನಪಿನಲ್ಲಿ ಉಳಿಯಿತು. ಮ್ಯಾಕಿಯವೆಲ್ಲಿಗೂ ಇದು ಕಾಣದೇ ಇರಲಿಲ್ಲ. ಅದೇ ಪುಸ್ತಕದ ಹತ್ತೊಂಬತ್ತನೇ ಅಧ್ಯಾಯದಲ್ಲಿ ಅವನು ಫ್ರಾನ್ಸನ್ನು ಚೆನ್ನಾಗಿ ವ್ಯವಸ್ಥೆಗೊಂಡ ರಾಜ್ಯಗಳ ಸಾಲಿಗೆ ಸೇರಿಸುತ್ತಾನೆ, ಅಲ್ಲಿನ ಪಾರ್ಲಮಾಂ ಎಂಬ ಉಚ್ಚ ನ್ಯಾಯಪೀಠವು ದೊರೆಗೆ ಕೆಟ್ಟ ಹೆಸರು ಬಾರದಂತೆ ದೊಡ್ಡವರನ್ನು ಹದ್ದಿನಲ್ಲಿಟ್ಟು ಸಣ್ಣವರನ್ನು ಕಾಯುತ್ತದೆ ಎಂದು ಮೆಚ್ಚುತ್ತಾನೆ. ಆದರೆ ಆ ಮೆಚ್ಚುಗೆ ಸಂಸ್ಥೆಗಳಿಗೆ ಸಲ್ಲುತ್ತದೆ. ಅಲ್ಲಿ ಲೂಯಿಯ ಹೆಸರಿಲ್ಲ. ಇದು ನನಗೆ ಆ ಪುಸ್ತಕದ ಒಂದು ಕೊರತೆಯಾಗಿಯೇ ಕಾಣುತ್ತದೆ.

ಕೊಟ್ಟ ಮಾತನ್ನು ಮುರಿಯುವುದರಲ್ಲಿ ಇಬ್ಬರಲ್ಲಿ ಯಾರು ಮುಂದು?

ಮಾತು ಮುರಿಯುವ ವಿದ್ಯೆಯನ್ನು ಬರೆದವನು ಮ್ಯಾಕಿಯವೆಲ್ಲಿ, ಆಚರಿಸಿದವನು ಲೂಯಿ. ತೂರ್ ಸಭೆಯನ್ನೇ ನೋಡಿ. 1504ರ ಬ್ಲ್ವಾ ಒಪ್ಪಂದದಲ್ಲಿ ಲೂಯಿ ತನ್ನ ಮಗಳು ಕ್ಲೋದಳನ್ನು ಹ್ಯಾಬ್ಸ್‌ಬರ್ಗ್ ಮನೆತನದ ಬಾಲಕ ಚಾರ್ಲ್ಸನಿಗೆ, ಅಂದರೆ ಮುಂದೆ ಚಕ್ರವರ್ತಿ ಐದನೇ ಚಾರ್ಲ್ಸ್ ಆದವನಿಗೆ, ಕೊಡುವುದಾಗಿ ಒಪ್ಪಿದ್ದನು. ಹಾಗಾದರೆ ಬ್ರಿಟನಿ ಪ್ರಾಂತವೂ ಅವಳೊಂದಿಗೆ ಹೋಗುತ್ತಿತ್ತು. ಸಭೆಯ ಪ್ರತಿನಿಧಿಗಳು ಮೊಣಕಾಲೂರಿ, ಮಗಳನ್ನು ಸ್ವಂತ ನಾಡಿನ ರಾಜಕುಮಾರ ಫ್ರಾನ್ಸಿಸ್‌ನಿಗೇ ಕೊಡಬೇಕೆಂದು ಬೇಡಿಕೊಂಡರು, ದೊರೆ ಪ್ರಜೆಗಳ ಕೋರಿಕೆಗೆ ಮಣಿದು ಒಪ್ಪಿದನು. ಒಪ್ಪಂದ ಮುರಿಯಿತು, ಮುರಿದವನೆಂಬ ಹೆಸರು ಬರಲಿಲ್ಲ, ಬದಲಿಗೆ ಬಿರುದು ಬಂತು. ಕಾರಣ ಬದಲಾದ ಮೇಲೆ ದೊರೆ ಮಾತಿಗೆ ಕಟ್ಟುಬೀಳಬೇಕಾಗಿಲ್ಲ, ಮುರಿಯಲು ಒಳ್ಳೆಯ ನೆಪ ಮಾತ್ರ ಬೇಕು ಎಂದು ಮ್ಯಾಕಿಯವೆಲ್ಲಿ ಬರೆಯುವ ಏಳು ವರ್ಷ ಮೊದಲೇ ಇದು ನಡೆದುಹೋಗಿತ್ತು.

ಹಾಗೆಯೇ, ಮೊದಲ ಹೆಂಡತಿ ಜಾನ್‌ಳೊಂದಿಗಿನ ಮದುವೆಯನ್ನು ರದ್ದುಪಡಿಸಿಕೊಂಡು, ತೀರಿಕೊಂಡ ದೊರೆಯ ವಿಧವೆ ಬ್ರಿಟನಿಯ ಆ್ಯನ್‌ಳನ್ನು ವರಿಸಲು ಲೂಯಿಗೆ ಪೋಪನ ಅನುಮತಿ ಬೇಕಿತ್ತು. ಬೋರ್ಜಿಯ ಮನೆತನಕ್ಕೆ ಅವನು ಕೊಟ್ಟ ನೆರವಿನಲ್ಲಿ ಅನುಮತಿಯ ಋಣವೂ ಸೇರಿತ್ತು.

1512ರಲ್ಲಿ ಇಬ್ಬರಿಗೂ ಒಟ್ಟಿಗೇ ಪೆಟ್ಟು ಬಿದ್ದದ್ದು ಹೇಗೆ?

ಈ ಹೋಲಿಕೆಯ ತಿರುಳು ಇರುವುದೇ ಇಲ್ಲಿ. ಫ್ಲಾರೆನ್ಸ್ ಗಣರಾಜ್ಯ ನಿಂತಿದ್ದುದು ಲೂಯಿಯ ರಕ್ಷಣೆಯ ಮೇಲೆ. 1502ರಲ್ಲಿ ಅರೆತ್ಸೊ ನಗರ ದಂಗೆಯೆದ್ದಾಗ ಬೋರ್ಜಿಯನ ಸೇನಾನಿಗಳನ್ನು ಹಿಂದೆ ಸರಿಸಿದ್ದು ಫ್ರೆಂಚ್ ಸೇನೆಯ ಆಗಮನ. ಆದ್ದರಿಂದ 1510ರಲ್ಲಿ ಪೋಪನಿಗೂ ಲೂಯಿಗೂ ಹಗೆ ಹುಟ್ಟಿದಾಗ ಫ್ಲಾರೆನ್ಸ್ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಯಿತು. ನೀವು ಯಾರ ಪಕ್ಷ, ಈಗಲೇ ಹೇಳಿ ಎಂದು ಬ್ಲ್ವಾದಲ್ಲಿ ದೊರೆ ಒತ್ತಾಯಿಸುತ್ತಿದ್ದನು, ಉತ್ತರ ಕೊಡುವ ಅಧಿಕಾರವಿಲ್ಲದ ಮ್ಯಾಕಿಯವೆಲ್ಲಿ ಊರಿಗೆ ಓಲೆಯ ಮೇಲೆ ಓಲೆ ಬರೆಯುತ್ತಿದ್ದನು. ಮರುವರ್ಷ ಲೂಯಿ ಪೋಪನ ವಿರುದ್ಧದ ಧರ್ಮಸಭೆಯನ್ನು ಅಷ್ಟರಲ್ಲಿ ಮತ್ತೆ ಫ್ಲಾರೆನ್ಸಿನ ಅಧೀನಕ್ಕೆ ಬಂದಿದ್ದ ಪೀಸಾದಲ್ಲಿಯೇ ಸೇರಿಸಿದನು. ಅದನ್ನು ಬೇರೆಡೆಗೆ ಸಾಗಿಸಿ ಎಂದು ಕೇಳಿಕೊಳ್ಳುವುದೇ ಮ್ಯಾಕಿಯವೆಲ್ಲಿಯ ಕೊನೆಯ ಫ್ರಾನ್ಸ್ ಯಾತ್ರೆಯ ಕೆಲಸವಾಗಿತ್ತು.

1512ರ ಏಪ್ರಿಲ್ 11ರಂದು ಫ್ರೆಂಚರು ರಾವೆನ್ನಾದಲ್ಲಿ ಗೆದ್ದರು, ಆದರೆ ಅವರ ತರುಣ ಸೇನಾಪತಿ ಗ್ಯಾಸ್ಟನ್ ದ ಫ್ವಾ ಅಲ್ಲಿಯೇ ಬಿದ್ದನು. ಕೆಲವೇ ವಾರಗಳಲ್ಲಿ ಸ್ವಿಸ್ ಪಡೆಗಳು ಇಳಿದು ಬಂದು ಫ್ರೆಂಚರು ಮಿಲಾನ್ ಬಿಟ್ಟು ಹೊರಡಬೇಕಾಯಿತು. ಕಾಯುವವರಿಲ್ಲದ ಫ್ಲಾರೆನ್ಸಿನ ಮೇಲೆ ಸ್ಪೇನಿನ ಸೇನೆ ಬಂತು. ಆಗಸ್ಟ್ 29ರಂದು ಪ್ರಾತೊ ಪಟ್ಟಣ ಸೂರೆಹೋಯಿತು. ಅದನ್ನು ಕಾಯಬೇಕಾಗಿದ್ದವರು ಮ್ಯಾಕಿಯವೆಲ್ಲಿ ತಾನೇ ಹಳ್ಳಿ ಹಳ್ಳಿ ತಿರುಗಿ ಕಟ್ಟಿದ್ದ ನಾಗರಿಕ ಸೇನೆಯವರು, ಅವರು ನಿಲ್ಲಲಿಲ್ಲ. ಹಿಂದೆ ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನ ಮರಳಿತು. ನವೆಂಬರ್ 7ರಂದು ಅವನನ್ನು ಕೆಲಸದಿಂದ ತೆಗೆದರು, ಸಾವಿರ ಫ್ಲಾರಿನ್ ಜಾಮೀನು ಕೇಳಿದರು, ಹದಿನಾಲ್ಕು ವರ್ಷ ದುಡಿದ ಅರಮನೆಗೆ ಒಂದು ವರ್ಷ ಕಾಲಿಡಬಾರದೆಂದರು. ಫೆಬ್ರವರಿಯಲ್ಲಿ ಪಿತೂರಿಯ ಶಂಕೆಯ ಮೇಲೆ ಸೆರೆಗೆ ಹಾಕಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದಿಂದ ಮೇಲೆತ್ತಿ ಬೀಳಿಸುವ ಹಿಂಸೆಯನ್ನು ಆರು ಬಾರಿ ಕೊಟ್ಟರು. ಅವನು ಯಾರ ಹೆಸರನ್ನೂ ಹೇಳಲಿಲ್ಲ.

ಮೂರನೇ ಅಧ್ಯಾಯವನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು. ಲೂಯಿಯ ಆರು ತಪ್ಪುಗಳೆಂದು ಅವನು ಎಣಿಸಿದ್ದು ತನ್ನ ಸರ್ಕಾರವನ್ನು, ತನ್ನ ಉದ್ಯೋಗವನ್ನು, ತನ್ನ ಭುಜದ ಕೀಲುಗಳನ್ನು ಬಲಿ ತೆಗೆದುಕೊಂಡ ತಪ್ಪುಗಳನ್ನು. ಹಾಗಿದ್ದರೂ ಆ ಪುಟಗಳಲ್ಲಿ ರೋಷವಿಲ್ಲ, ಬೈಗುಳವಿಲ್ಲ. ವೈದ್ಯನು ರೋಗದ ಹಾದಿಯನ್ನು ಬರೆದಂತೆ ಬರೆದಿದ್ದಾನೆ. ಆ ಸಂಯಮಕ್ಕೆ ನಾನು ತಲೆಬಾಗುತ್ತೇನೆ.

ಲೂಯಿ ಈ ಪುಸ್ತಕವನ್ನು ಓದಿದ್ದನೇ?

ಇಲ್ಲ. ಸಾಂತ್ ಆಂದ್ರೆಯಾದ ಹಳ್ಳಿಮನೆಯಲ್ಲಿ, ಹಗಲೆಲ್ಲ ಮರ ಕಡಿಸುತ್ತ, ಛತ್ರದಲ್ಲಿ ಕಟುಕ ಮತ್ತು ಹಿಟ್ಟಿನ ಗಿರಣಿಯವನೊಡನೆ ಜೂಜಾಡುತ್ತ, ಸಂಜೆ ಕೆಸರಿನ ಬಟ್ಟೆ ಕಳಚಿ ಆಸ್ಥಾನದ ಉಡುಪು ತೊಟ್ಟು ಪ್ರಾಚೀನರ ಗ್ರಂಥಗಳೊಡನೆ ನಾಲ್ಕು ಗಂಟೆ ಕಳೆಯುತ್ತ ತಾನೊಂದು ಪುಟ್ಟ ಕೃತಿ ಬರೆದಿರುವುದಾಗಿ ಮ್ಯಾಕಿಯವೆಲ್ಲಿ ಗೆಳೆಯ ವೆತ್ತೋರಿಗೆ ತಿಳಿಸಿದ್ದು 1513ರ ಡಿಸೆಂಬರ್ 10ರಂದು. ಅದು ಅಚ್ಚಾದದ್ದು 1532ರಲ್ಲಿ. ಲೂಯಿ 1515ರ ಜನವರಿ 1ರಂದೇ ತೀರಿಕೊಂಡಿದ್ದನು, ಮ್ಯಾಕಿಯವೆಲ್ಲಿ 1527ರ ಜೂನ್ 21ರಂದು.

ಮ್ಯಾಕಿಯವೆಲ್ಲಿಯನ್ನು ಇಟಲಿಯ ಚಾಣಕ್ಯ ಎನ್ನಬಹುದೇ?

ನಮ್ಮಲ್ಲಿ ಈ ಮಾತು ರೂಢಿಯಲ್ಲಿದೆ. ಬರಹದ ನಿರ್ದಾಕ್ಷಿಣ್ಯವನ್ನು ನೋಡಿ ಹಾಗೆನ್ನಬಹುದೇ ಹೊರತು ಬದುಕನ್ನು ನೋಡಿ ಅಲ್ಲ. ಪರಂಪರೆ ಹೇಳುವಂತೆ ಚಾಣಕ್ಯನು ಒಬ್ಬ ದೊರೆಯನ್ನು ಪಟ್ಟಕ್ಕೇರಿಸಿದವನು. ಮ್ಯಾಕಿಯವೆಲ್ಲಿ ಯಾವ ದೊರೆಗೂ ಮಂತ್ರಿಯಾಗಲಿಲ್ಲ. ಅವನು ಸೇವೆ ಸಲ್ಲಿಸಿದ್ದು ಅರಸನೇ ಇಲ್ಲದ ಗಣರಾಜ್ಯಕ್ಕೆ. ಲೂಯಿಗೆ ಚಾಣಕ್ಯನಂತೆ ಇದ್ದವನು ಯಾರೆಂದು ಕೇಳಿದರೆ ಕಾರ್ಡಿನಲ್ ದಾಂಬ್ವಾಸ್‌ನ ಹೆಸರು ಹೇಳಬೇಕಾಗುತ್ತದೆ.

ಇಬ್ಬರ ಸಮಾಧಿಗಳು ಎಲ್ಲಿವೆ?

ಲೂಯಿಯ ಸಮಾಧಿ ಪ್ಯಾರಿಸಿನ ಹೊರವಲಯದ ಸೇಂಟ್ ಡೆನಿಸ್ ಚರ್ಚಿನಲ್ಲಿದೆ. ಅಮೃತಶಿಲೆಯ ಆ ಮಂಟಪದ ಮೇಲೆ ದೊರೆಯೂ ರಾಣಿ ಆ್ಯನ್‌ಳೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾರೆ, ಕೆಳಗೆ ಅದೇ ಇಬ್ಬರ ಬೆತ್ತಲೆ ಶವಗಳು ಮಲಗಿವೆ. ಪೀಠದ ಸುತ್ತ ಅವನ ಇಟಲಿಯ ವಿಜಯಗಳನ್ನು ಕೊರೆದಿದ್ದಾರೆ, ಅನ್ಯಾದೆಲ್ಲೊ ಕಾಳಗವೂ ಅಲ್ಲಿದೆ. ಅದನ್ನು ಕೆತ್ತಿದ ಜೂಸ್ತಿ ಮನೆತನದ ಶಿಲ್ಪಿಗಳು ಫ್ಲಾರೆನ್ಸಿನ ಕಡೆಯಿಂದಲೇ ವಲಸೆ ಬಂದು ತೂರ್‌ನಲ್ಲಿ ನೆಲೆಸಿದವರು.

ಮ್ಯಾಕಿಯವೆಲ್ಲಿಯನ್ನು ಹೂಳಿದ್ದು ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ. ಅಲ್ಲಿ ಈಗಿರುವ ಸ್ಮಾರಕ ಅವನು ಸತ್ತು ಇನ್ನೂರ ಅರವತ್ತು ವರ್ಷಗಳಾದ ಮೇಲೆ, 1787ರಲ್ಲಿ, ನಿಂತದ್ದು. ಅದರ ಮೇಲೆ ಕಾಳಗವೂ ಇಲ್ಲ, ಕಿರೀಟವೂ ಇಲ್ಲ. ಈ ಹೆಸರಿಗೆ ಸರಿಸಮನಾದ ಹೊಗಳಿಕೆಯಿಲ್ಲ ಎಂಬ ಒಂದು ಸಾಲಿನ ಲ್ಯಾಟಿನ್ ಬರಹವಿದೆ, ಅದರ ಕೆಳಗೆ ಅವನ ಹೆಸರಿದೆ.